ಸ್ನಾನದ ಹೊತ್ತಿಗೆ ವಾಚನ್ನು ಚಾರ್ಜ್‌ಗೆ ಹಾಕಿಸಬೇಡಿ: ವಯಸ್ಸಾದವರ ಮನೆಗೆ ಉಪಕರಣ ತರುವ ಮುಂಚೆ

ಬಿದ್ದರೆ ತಾನೇ ಫೋನ್ ಮಾಡುವ ಸ್ಮಾರ್ಟ್‌ವಾಚ್ ಒಂದನ್ನು ಅಪ್ಪನಿಗೆ ಕೊಡಿಸಿದ್ದೆ. ಮೂರು ವಾರಕ್ಕೆ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ದೊಡ್ಡ ಪೆಟ್ಟೇನೂ ಆಗಲಿಲ್ಲ, ಆದರೆ ಏಳಲಾಗದೆ ಅರ್ಧ ಗಂಟೆ ಅಲ್ಲೇ ಕೂತಿದ್ದರು. ವಾಚು ಮಂಚದ ಪಕ್ಕ ಚಾರ್ಜ್ ಆಗುತ್ತಿತ್ತು. ಕೇಳಿದರೆ, "ಸ್ನಾನಕ್ಕೆ ಹೋಗೋವಾಗ ಚಾರ್ಜ್‌ಗೆ ಹಾಕಿ ಅಂತ ನೀನೇ ಹೇಳಿಕೊಟ್ಟಿದ್ದಲ್ವಾ" ಅಂದರು. ನಿಜ, ನಾನೇ ಹೇಳಿಕೊಟ್ಟಿದ್ದು. ಜಾರೋ ಜಾಗಕ್ಕೆ ಹೋಗುವಾಗಲೇ ಕೈಯಿಂದ ಬಿಚ್ಚಿಸಿದ್ದೆ. ಈಗ ಸಂಜೆ ಟಿವಿ ಮುಂದೆ ಕೂತಾಗ ಚಾರ್ಜ್ ಮಾಡುತ್ತಾರೆ.

ಹಾಗಾಗಿ ನನ್ನ ಮೊದಲ ಸಲಹೆ: ಏನನ್ನೂ ಕೊಳ್ಳುವ ಮುಂಚೆ ಅವರ ಮನೆಯಲ್ಲಿ ಒಂದು ಪೂರ್ತಿ ದಿನ, ಸಾಧ್ಯವಾದರೆ ಒಂದು ರಾತ್ರಿಯೂ ಸೇರಿಸಿ, ಸುಮ್ನೆ ಇದ್ದು ನೋಡಿ. "ಏನು ಕಷ್ಟ ಆಗ್ತಿದೆ?" ಅಂತ ಕೇಳಿದರೆ "ಏನೂ ಇಲ್ಲಪ್ಪ" ಅನ್ನೋ ಉತ್ತರವೇ ಬರುತ್ತದೆ. ಗೋಡೆಯ ಮೇಲೆ ಕೈ ಊರಿದ ಕಲೆ ಎಲ್ಲಿದೆ, ರಾತ್ರಿಯಿಡೀ ಉರಿಯುವ ದೀಪ ಯಾವುದು, ಟಿವಿ ಸೌಂಡ್ ಎಷ್ಟಿದೆ, ಮಾತ್ರೆ ಡಬ್ಬಿಯಲ್ಲಿ ಎಷ್ಟು ದಿನದ್ದು ಹಾಗೇ ಉಳಿದಿದೆ, ಇವನ್ನು ನೋಡಿ. ಅದರಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೆ ಮಾತ್ರ ಪರಿಹಾರ ಹುಡುಕಿ. ಅದು ರೂಢಿಯಾದ ಮೇಲೆ ಎರಡನೆಯದು. ಒಂದೇ ವಾರದಲ್ಲಿ ಐದು ಹೊಸ ಉಪಕರಣ ತಂದಿಟ್ಟರೆ ಐದೂ ಕಪಾಟು ಸೇರುತ್ತವೆ.

ನನ್ನನ್ನು ಕೇಳಿದರೆ ದೀಪದಿಂದ ಶುರು ಮಾಡಿ. ಕಡಿಮೆ ಖರ್ಚು, ಕಲಿಯೋದು ಏನೂ ಇಲ್ಲ. ವಯಸ್ಸಾದಂತೆ ಕಣ್ಣಿಗೆ ಬೆಳಕು ಜಾಸ್ತಿ ಬೇಕು, ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳೋದಕ್ಕೂ ಜಾಸ್ತಿ ಹೊತ್ತು ಬೇಕು. ಯಾರಾದರೂ ಓಡಾಡಿದರೆ ಹೊತ್ತಿಕೊಳ್ಳುವ ಸೆನ್ಸರ್ ದೀಪಗಳನ್ನು ಮಂಚದಿಂದ ಶೌಚಾಲಯದವರೆಗೆ ಮೊಣಕಾಲಿಗಿಂತ ಕೆಳಗೆ ಅಂಟಿಸಿ. ಬೆಳಕು ನೆಲಕ್ಕೆ ಬೀಳಬೇಕು, ಕಣ್ಣಿಗಲ್ಲ. ಬಿಳಿ ಬಣ್ಣಕ್ಕಿಂತ ಹಳದಿ ಬೆಳಕೇ ವಾಸಿ, ಮತ್ತೆ ನಿದ್ದೆ ಹತ್ತೋದು ಸುಲಭ. ಮೊದಲನೆಯ ದೀಪ, ಕಾಲು ಮಂಚದಿಂದ ಕೆಳಗಿಳಿದ ಕೂಡಲೇ ಹೊತ್ತಬೇಕು, ಎದ್ದು ಎರಡು ಹೆಜ್ಜೆ ಇಟ್ಟ ಮೇಲಲ್ಲ. ಇದನ್ನು ನೀವೇ ರಾತ್ರಿ ಆ ಮಂಚದ ಮೇಲೆ ಮಲಗಿ, ಎದ್ದು, ಪರೀಕ್ಷೆ ಮಾಡಿ.

ಇಲ್ಲೊಂದು ಎಡವಟ್ಟಿದೆ. ಈ ಸೆನ್ಸರ್‌ಗಳು ಮೈಯ ಬಿಸಿ ಚಲಿಸುವುದನ್ನು ಗುರುತಿಸುತ್ತವೆ. ಶೌಚಾಲಯದಲ್ಲಿ ಅಲ್ಲಾಡದೆ ಕೂತರೆ ಒಂದೆರಡು ನಿಮಿಷಕ್ಕೆ ಯಾರೂ ಇಲ್ಲ ಅಂದುಕೊಂಡು ದೀಪ ಆರಿಹೋಗುತ್ತದೆ. ಕತ್ತಲಲ್ಲಿ ಕೂತವರಿಗೆ ಕೈ ಬೀಸಬೇಕು ಅಂತ ಹೊಳೆಯೋದಿಲ್ಲ, ಗಾಬರಿಯಲ್ಲಿ ಎದ್ದುಬಿಡುತ್ತಾರೆ. ಆದ್ದರಿಂದ ದಾರಿಗೆ ಸೆನ್ಸರ್ ದೀಪ, ಶೌಚಾಲಯದ ಒಳಗೆ ಮಾತ್ರ ರಾತ್ರಿಯಿಡೀ ಉರಿಯುವ ಸಣ್ಣ ದೀಪ.

ಇನ್ನು ಫೋನು. "ಅಮ್ಮನಿಗೆ ಟಚ್ ಫೋನ್ ಬರಲ್ಲ" ಅನ್ನುವವರು ಒಮ್ಮೆ ಅವರ ಬೆರಳನ್ನೇ ಗಮನಿಸಿ. ನನ್ನ ಅಮ್ಮ ತಪ್ಪು ಮಾಡುತ್ತಿರಲಿಲ್ಲ, ನಿಧಾನವಾಗಿ ಒತ್ತುತ್ತಿದ್ದರು. ನಾವು ಮುಟ್ಟಿ ತೆಗೆಯುವಷ್ಟರಲ್ಲಿ ಅವರು ಒತ್ತಿ ಹಿಡಿದಿರುತ್ತಾರೆ. ಫೋನು ಅದನ್ನು ಬೇರೆಯೇ ಆಜ್ಞೆ ಅಂದುಕೊಂಡು ಯಾವುದೋ ಮೆನು ತೆರೆಯುತ್ತದೆ, ಆ್ಯಪ್ ಜಾಗ ಬದಲಾಗುತ್ತದೆ, ಆಮೇಲೆ "ನಾನೇನೂ ಮಾಡಿಲ್ಲ, ಅದೇ ಹೋಯ್ತು" ಅಂತಾರೆ. ಅವರು ಹೇಳೋದು ನಿಜವೇ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಗೆ ಹೋಗಿ, ಒತ್ತಿ ಹಿಡಿಯುವ ಸಮಯವನ್ನು ಉದ್ದಕ್ಕೆ ಬದಲಾಯಿಸಿ. ಐಫೋನ್‌ನಲ್ಲಿ ಇಂಥ ತೊಂದರೆಗೆ ಟಚ್ ಅಕಾಮೊಡೇಶನ್ಸ್ ಇದೆ. ಈ ಒಂದು ಬದಲಾವಣೆಯಿಂದ ಅಮ್ಮನ ಅರ್ಧ ದೂರು ನಿಂತುಹೋಯಿತು. ಒಣಗಿದ ಬೆರಳನ್ನು ಪರದೆ ಕೆಲವೊಮ್ಮೆ ಗುರುತಿಸೋದಿಲ್ಲ, ಅದಕ್ಕೆ ರಬ್ಬರ್ ತುದಿಯ ಟಚ್ ಪೆನ್ ಕೊಟ್ಟು ನೋಡಿ.

ಅಕ್ಷರದ ಗಾತ್ರ ಬೇರೆ, ಪರದೆ ಮೇಲಿನ ಗುಂಡಿಗಳ ಗಾತ್ರ ಬೇರೆ, ಎರಡನ್ನೂ ದೊಡ್ಡದು ಮಾಡಿ. ರಿಂಗ್‌ಟೋನ್ ಕೀರಲು ದನಿಯದ್ದು ಬೇಡ. ವಯಸ್ಸಾದಂತೆ ಮೊದಲು ಕೇಳಿಸದಾಗೋದು ಕೀರಲು ಸದ್ದುಗಳೇ, ಆದ್ದರಿಂದ ಸೌಂಡ್ ಏರಿಸುವ ಮುಂಚೆ ದಪ್ಪ ದನಿಯ ರಿಂಗ್ ಹಾಕಿ ನೋಡಿ. ಮೊದಲ ಪರದೆಯಲ್ಲಿ ನಾಲ್ಕು ಜನರ ಫೋಟೋ ಮಾತ್ರ ಇರಲಿ, ಮುಟ್ಟಿದರೆ ಕರೆ ಹೋಗುವಂತೆ. ಐಫೋನ್‌ನಲ್ಲಿ 2023ರ ಐಒಎಸ್ 17ರಿಂದ ಅಸಿಸ್ಟಿವ್ ಆ್ಯಕ್ಸೆಸ್ ಅಂತ ಒಂದು ವ್ಯವಸ್ಥೆ ಬಂದಿದೆ, ಪೂರ್ತಿ ಫೋನೇ ಕೆಲವು ದೊಡ್ಡ ಚೌಕಗಳಾಗುತ್ತದೆ. ಕಿವಿ ಮಂದ ಇದ್ದವರಿಗೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಎದುರಿನವರ ಮಾತನ್ನು ಅಕ್ಷರ ಮಾಡಿ ತೋರಿಸುತ್ತದೆ, ಉಚಿತ.

ಆಂಡ್ರಾಯ್ಡ್ 12 ಮತ್ತು ಅದರ ನಂತರದ ಬಹಳಷ್ಟು ಫೋನ್‌ಗಳಲ್ಲಿ ಪವರ್ ಬಟನ್ ಅನ್ನು ಬೇಗ ಬೇಗ 5 ಸಲ ಒತ್ತಿದರೆ ತುರ್ತು ಕರೆ ಹೋಗುವಂತೆ ಮಾಡಬಹುದು. ಜೊತೆಗೆ ಲಾಕ್ ಪರದೆಯಲ್ಲೇ ಕಾಣುವಂತೆ ಕಾಯಿಲೆ, ಅಲರ್ಜಿ, ತೆಗೆದುಕೊಳ್ಳುವ ಔಷಧಿ ತುಂಬಿಸಿಡಿ.

ಬಿದ್ದದ್ದನ್ನು ಗುರುತಿಸುವ ವಾಚಿನ ಬಗ್ಗೆ ಮತ್ತೆ ಎರಡು ಮಾತು. ಆ್ಯಪಲ್ ವಾಚ್‌ಗೆ ಇದು 2018ರಲ್ಲಿ ಬಂತು. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲ್ಲಾಡದಿದ್ದರೆ ಅದು ತಾನೇ ತುರ್ತು ಸೇವೆಗೆ ಕರೆ ಮಾಡುತ್ತದೆ. ಆದರೆ ಕುರ್ಚಿಯಿಂದ ಮೆಲ್ಲಗೆ ಜಾರಿ ಕೂತರೆ ಅದಕ್ಕೆ ಗೊತ್ತಾಗದೇ ಇರಬಹುದು, ವಯಸ್ಸಾದವರು ಎಷ್ಟೋ ಸಲ ಬೀಳೋದು ಹಾಗೇ. ಅದಕ್ಕೆ ಕೊರಳಿಗೋ ಮುಂಗೈಗೋ ಕಟ್ಟುವ, ನೀರಿಗೆ ಹೆದರದ, ಒಂದೇ ಬಟನ್ ಇರುವ ಸಾಧನವೂ ಒಳ್ಳೆಯದೇ. ಕರೆ ಯಾರಿಗೆ ಹೋಗಬೇಕು ಅನ್ನೋದನ್ನು ಯೋಚಿಸಿ ಬರೆಯಿರಿ: ಬೇರೆ ಊರಲ್ಲಿರುವ ಮಗಳಿಗಿಂತ ಐದು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲವರ ನಂಬರ್ ಮೊದಲಿರಲಿ, ಅವರ ಹತ್ತಿರ ಇನ್ನೊಂದು ಬೀಗದ ಕೈಯೂ ಇರಲಿ. ಆ ಬಟನ್ ಒತ್ತಿದರೆ ನಿಜವಾಗಿ ಏನಾಗುತ್ತದೆ ಅಂತ ತಿಂಗಳಿಗೊಮ್ಮೆ, ಮೊದಲೇ ಎಲ್ಲರಿಗೂ ಹೇಳಿ, ಅವರ ಕೈಯಿಂದಲೇ ಒತ್ತಿಸಿ ನೋಡಿ.

ಮಾತ್ರೆಗೆ ದಿನ, ಹೊತ್ತು ಬರೆದ ಡಬ್ಬಿ ಮತ್ತು ಫೋನಿನ ಅಲಾರಂ ಬಹಳ ಜನರಿಗೆ ಸಾಕು. ತೆಗೆದುಕೊಂಡಿದ್ದೇ ಮರೆತು ಇನ್ನೊಮ್ಮೆ ತೆಗೆದುಕೊಳ್ಳುವವರಿಗೆ ಮಾತ್ರ, ಹೊತ್ತಿಗೆ ಸರಿಯಾಗಿ ಅಷ್ಟೇ ಮಾತ್ರೆ ಹೊರಬಿಡುವ, ಬೀಗ ಹಾಕುವ ಯಂತ್ರ ಬೇಕಾಗುತ್ತದೆ. ಕೆಲವು ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಮುಂಚೆಯೇ ಬಿಡಿಸಿಡಬಾರದು, ಔಷಧಿ ಕೊಡುವವರನ್ನು ಕೇಳಿ.

ಬಿಪಿ ಮಿಷನ್ ಮಣಿಕಟ್ಟಿನದ್ದಕ್ಕಿಂತ ತೋಳಿಗೆ ಸುತ್ತುವುದು ಹೆಚ್ಚು ನಂಬಿಕೆಗೆ ಅರ್ಹ. ಪಟ್ಟಿಯ ಅಳತೆ ತೋಳಿಗೆ ಸರಿಯಾಗಿರಬೇಕು. 5 ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟಕ್ಕಿಟ್ಟು, ಮಾತಾಡದೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ದಿನಕ್ಕೆ ಎಂಟು ಸಲ ನೋಡಿಕೊಂಡು ಅದರ ಚಿಂತೆಯಲ್ಲೇ ಬಿಪಿ ಏರಿಸಿಕೊಳ್ಳುವವರನ್ನೂ ಕಂಡಿದ್ದೇನೆ. ಅಂಥವರ ಮನೆಗೆ ಮಿಷನ್ ತರೋ ಮುಂಚೆ ಡಾಕ್ಟರನ್ನು ಕೇಳಿ.

ಅಡುಗೆಮನೆಗೆ ಗ್ಯಾಸ್ ಸೋರಿಕೆ ಅಲಾರಂ ಹಾಕಿಸುವುದಾದರೆ ಎತ್ತರ ನೋಡಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರ ಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಚಾವಣಿ ಹತ್ತಿರ ಬೇಕು.

ಕ್ಯಾಮೆರಾ ವಿಚಾರದಲ್ಲಿ ಜಗಳ ಆಗೋದು ಸಹಜ. ಅವರನ್ನು ಕೇಳದೆ ಹಾಕಬೇಡಿ, ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ಅದು ಅವರ ಮನೆ, ಅಲ್ವಾ? ನಮಗೆ ಬೇಕಾದದ್ದು ಅವರು ಎದ್ದಿದ್ದಾರಾ, ಓಡಾಡುತ್ತಿದ್ದಾರಾ ಅನ್ನೋದಷ್ಟೇ. ಫ್ರಿಜ್ ಬಾಗಿಲಿಗೆ ಒಂದು ಚಿಕ್ಕ ಸೆನ್ಸರ್ ಅಂಟಿಸಿ, ಬೆಳಿಗ್ಗೆ 9 ಆದರೂ ಬಾಗಿಲು ತೆರೆಯದಿದ್ದರೆ ನಿಮ್ಮ ಫೋನಿಗೆ ಸಂದೇಶ ಬರುವಂತೆ ಮಾಡಬಹುದು. ಅಪ್ಪ ಕ್ಯಾಮೆರಾ ಬೇಡ ಅಂದರು, ಇದಕ್ಕೆ ಒಪ್ಪಿದರು. ಮಾತಾಡುವ ಸ್ಪೀಕರ್ ತರುವುದಾದರೆ ಅದಕ್ಕೆ ಅವರ ಮಾತು ಅರ್ಥವಾಗುತ್ತದಾ ಅಂತ ಕೊಳ್ಳುವ ಮುಂಚೆ ಅವರ ಬಾಯಲ್ಲೇ ಹೇಳಿಸಿ ನೋಡಿ, ನಿಮ್ಮ ಬಾಯಲ್ಲಲ್ಲ.

ಫೋನ್ ಕೊಟ್ಟ ಮೇಲೆ ಮೋಸದ ಕರೆಗಳೂ ಬರುತ್ತವೆ. ಒಟಿಪಿ ಹೇಳಬೇಡಿ ಅನ್ನೋದು ಎಲ್ಲರಿಗೂ ಗೊತ್ತಿದೆ, ಮೋಸಗಾರರು ಪರದೆ ಹಂಚುವ (ಸ್ಕ್ರೀನ್ ಶೇರ್) ಆ್ಯಪ್ ಹಾಕಿಸಿ ಎಲ್ಲವನ್ನೂ ನೋಡಿಬಿಡುತ್ತಾರೆ ಅನ್ನೋದು ಗೊತ್ತಿರೋದಿಲ್ಲ. ಅವಸರ ಮಾಡುವವರ ಫೋನ್ ಇಟ್ಟು ನನಗೆ ಮಾಡಿ ಅಂತ ಅಪ್ಪ ಅಮ್ಮನಿಗೆ ಹೇಳಿದ್ದೇನೆ. ತಪ್ಪಾದರೂ ಬೈಯಲ್ಲ ಅಂತ ಮಾತು ಕೊಟ್ಟಿದ್ದೇನೆ, ಬೈತಾರೆ ಅಂತಲೇ ಎಷ್ಟೋ ಜನ ಮುಚ್ಚಿಡುತ್ತಾರೆ.

ಕೊನೆಗೆ ಬೇಜಾರಿನ ಕೆಲಸ. ಕರೆಂಟ್ ಹೋದರೆ, ಇಂಟರ್ನೆಟ್ ನಿಂತರೆ ಇವುಗಳಲ್ಲಿ ಯಾವುದು ನಡೆಯುತ್ತದೆ ಅಂತ ಮೇನ್ ಸ್ವಿಚ್ ಆಫ್ ಮಾಡಿಯೇ ನೋಡಿ. ರೂಟರ್‌ಗೆ ಬ್ಯಾಟರಿ ಬ್ಯಾಕಪ್ ಕೊಡಿ. ಪಾಸ್‌ವರ್ಡ್‌ಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅವರೇ ಹೇಳಿದ ಜಾಗದಲ್ಲಿಡಿ. ಪ್ರತಿ ಸೆನ್ಸರ್‌ನ ಹಿಂದೆ ಸೆಲ್ ಹಾಕಿದ ತಾರೀಖು ಬರೆದ ಟೇಪ್ ಅಂಟಿಸಿ. ನಾನು ಬರೆಯದೆ ಬಿಟ್ಟಿದ್ದ ಒಂದು ದೀಪ ಯಾವಾಗ ಕೆಟ್ಟಿತ್ತೋ ಗೊತ್ತಿಲ್ಲ, ಅಮ್ಮ ಸದ್ದಿಲ್ಲದೆ ಮತ್ತೆ ಗೋಡೆ ಹಿಡಿದು ಓಡಾಡಲು ಶುರು ಮಾಡಿದ್ದರು.