ಮಳೆಯಿಲ್ಲದ ತಿಂಗಳುಗಳಲ್ಲಿ ಸೆಪ್ಟಿಕ್ ಟ್ಯಾಂಕ್ ನೋಡಿಕೊಳ್ಳುವುದು

ಒಣ ಹವೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅದಕ್ಕೇ ಆಗ ಯಾರೂ ಅದರ ಮುಚ್ಚಳ ಮುಟ್ಟುವುದಿಲ್ಲ. ನೆಲ ಬಾಯಾರಿರುವುದರಿಂದ, ಟ್ಯಾಂಕಿನ ನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿ ಅರ್ಧ ಕಟ್ಟಿಕೊಂಡಿದ್ದರೂ ಬಂದ ನೀರನ್ನೆಲ್ಲ ಹೀರಿಕೊಂಡುಬಿಡುತ್ತದೆ. ಮೊದಲ ಜೋರು ಮಳೆಗೆ ಕಮೋಡಿನಲ್ಲಿ ನೀರು ಇಳಿಯದೆ ನಿಂತಾಗ ಎಲ್ಲರೂ ಮಳೆಯನ್ನು ದೂರುತ್ತಾರೆ. ಕೆಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು. ಹಾಗಾಗಿ ವರ್ಷದ ತಪಾಸಣೆ, ಹೂಳು ತೆಗೆಸುವುದು, ರಿಪೇರಿ, ಮೂರನ್ನೂ ನಾನು ಒಣ ತಿಂಗಳುಗಳಿಗೇ ಇಟ್ಟುಕೊಳ್ಳುತ್ತೇನೆ. ಆಗ ಅಂತರ್ಜಲ ಕೆಳಗಿರುತ್ತದೆ, ಅಗೆದ ಗುಂಡಿಯಲ್ಲಿ ನೀರು ಬರುವುದಿಲ್ಲ, ಸೋರಿಕೆ ಇದ್ದರೆ ಕಣ್ಣಿಗೆ ಬೀಳುತ್ತದೆ.

ಮುಚ್ಚಳ ತೆಗೆಯುವ ಮಾತು ಬಂತೆಂದರೆ ಮೊದಲು ಹೇಳಬೇಕಾದದ್ದು ಇದು: ಒಬ್ಬರೇ ತೆಗೆಯಬೇಡಿ, ಒಳಗೆ ಬಗ್ಗಬೇಡಿ, ಹತ್ತಿರ ಬೆಂಕಿ ಇರಕೂಡದು, ಯಾವ ಕಾರಣಕ್ಕೂ ಒಳಗೆ ಇಳಿಯಕೂಡದು. ಟ್ಯಾಂಕಿನಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಇರುತ್ತವೆ, ಆಮ್ಲಜನಕ ಕಡಿಮೆ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗೇ ಮಂಕಾಗಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂಬ ಲೆಕ್ಕ ಜೀವ ತೆಗೆಯುತ್ತದೆ. ಬಿದ್ದವರನ್ನು ಎತ್ತಲು ಹೋದವರೂ ಸಾಯುವುದು ಹೀಗೆಯೇ. ಅಂಥ ಹೊತ್ತಿನಲ್ಲಿ ಕರೆಯಬೇಕಾದದ್ದು ಅಗ್ನಿಶಾಮಕ ದಳವನ್ನು. ನಾನು ಮುಚ್ಚಳ ಸರಿಸಿ ಹದಿನೈದು ನಿಮಿಷ ದೂರ ನಿಲ್ಲುತ್ತೇನೆ, ಆಮೇಲೆ ಗಾಳಿ ಬೀಸಿಬರುವ ಕಡೆಯಿಂದ ಹತ್ತಿರ ಹೋಗುತ್ತೇನೆ, ಅಳತೆಯನ್ನೆಲ್ಲ ನಿಂತೇ ಉದ್ದ ಕೋಲಿನಿಂದ ಮಾಡುತ್ತೇನೆ.

ಮೊದಲ ಅಳತೆ ನೀರಿನ ಮಟ್ಟದ್ದು. ಸರಿಯಿರುವ ಟ್ಯಾಂಕಿನಲ್ಲಿ ನೀರು ಹೊರಹೋಗುವ ಪೈಪಿನ ತಳದ ಮಟ್ಟಕ್ಕೆ ಸರಿಯಾಗಿ ನಿಂತಿರುತ್ತದೆ. ಅದಕ್ಕಿಂತ ಮೇಲಿದ್ದರೆ ಹೊರಪೈಪಿನ ಫಿಲ್ಟರ್ ಕಟ್ಟಿದೆ, ಇಲ್ಲವೇ ಇಂಗುಗುಂಡಿ ತುಂಬಿದೆ. ನೆಲ ಇಷ್ಟು ಒಣಗಿರುವಾಗಲೂ ಗುಂಡಿ ನೀರು ಹಿಡಿಯುತ್ತಿಲ್ಲ ಎಂದರೆ ಮಳೆಗಾಲವನ್ನು ಅದು ದಾಟುವುದಿಲ್ಲ. ಮಟ್ಟ ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ. ಮನೆ ಖಾಲಿ ಬಿಟ್ಟಿದ್ದರಿಂದ ಇಳಿದಿರಬೇಕು ಎಂದು ಬಹಳ ಜನ ಅಂದುಕೊಳ್ಳುತ್ತಾರೆ, ಆದರೆ ಮುಚ್ಚಿದ ಟ್ಯಾಂಕಿನಿಂದ ಆವಿಯಾಗಿ ಹೋಗುವುದು ತೀರಾ ಅಲ್ಪ.

ಸಂಶಯವಿದ್ದರೆ ರಾತ್ರಿ ಪರೀಕ್ಷೆ ಮಾಡುತ್ತೇನೆ. ಎಲ್ಲರೂ ಮಲಗಿದ ಮೇಲೆ ಮುಚ್ಚಳದ ಬಾಯಿಗೆ ಅಡ್ಡಲಾಗಿ ನೇರವಾದ ಪಟ್ಟಿ ಇಟ್ಟು, ಅದರ ಕೆಳ ಅಂಚಿನಿಂದ ನೀರಿನವರೆಗೆ ಅಳೆದು ಬರೆದುಕೊಳ್ಳುವುದು. ಪಟ್ಟಿ ಇಟ್ಟ ಜಾಗಕ್ಕೆ ಗುರುತು ಹಾಕಿ, ಅಳತೆ ಆದ ಕೂಡಲೇ ಮುಚ್ಚಳ ಹಾಕಿಬಿಡಬೇಕು. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಅದೇ ಜಾಗದಲ್ಲಿ ಮತ್ತೆ ಅಳೆಯುವುದು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಅಳತೆಯದ್ದೇ. 1 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ಖಚಿತ: 2 ಮೀಟರ್ ಉದ್ದ, 1 ಮೀಟರ್ ಅಗಲದ ಟ್ಯಾಂಕಿನಲ್ಲಿ ಅದು 20 ಲೀಟರ್. ಎರಡು ಮೂರು ದಿನ ಬಳಕೆ ನಿಲ್ಲಿಸಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ನೀರು ಇಳಿಯುತ್ತಾ ಹೋಗಿ ಒಂದು ಕಡೆ ನಿಂತುಬಿಡುತ್ತದೆ. ನಿಂತ ಎತ್ತರವೇ ತೂತಿರುವ ಎತ್ತರ. ಸಾಮಾನ್ಯವಾಗಿ ಅದು ಪೈಪು ಗೋಡೆ ಸೇರುವ ಜಾಗ, ಎರಡು ತುಂಡಿನ ಟ್ಯಾಂಕಾದರೆ ನಡುವಿನ ಜೋಡಣೆ, ಇಲ್ಲವೇ ಗೋಡೆ ಮತ್ತು ತಳ ಕೂಡುವ ಮೂಲೆ.

ನೀರು ತಾನೇ, ಸೋರಿ ನೆಲಕ್ಕೆ ಹೋದರೆ ಏನಾಯಿತು ಎನ್ನುವಂತಿಲ್ಲ. ಒಣಗಿ ಬಿರುಕುಬಿಟ್ಟ ನೆಲದಲ್ಲಿ ಆ ಕೊಳಚೆ ಮಣ್ಣಿನಲ್ಲಿ ಸೋಸಿಕೊಳ್ಳದೆ ಬಿರುಕು ಹಿಡಿದು ನೇರವಾಗಿ ಆಳಕ್ಕೆ ಇಳಿಯುತ್ತದೆ. ಹತ್ತಿರದಲ್ಲಿ ಬಾವಿಯಿದ್ದರೆ ಅದಕ್ಕೆ ಕುತ್ತು. ಮಳೆಗಾಲದಲ್ಲಿ ಅದೇ ತೂತಿನಿಂದ ನೆಲದ ನೀರು ಒಳನುಗ್ಗಿ ಇಂಗುಗುಂಡಿಯನ್ನು ಮುಳುಗಿಸುತ್ತದೆ. ರಿಪೇರಿಯನ್ನು ಹೊರಗಿನಿಂದ ಅಗೆದೇ ಮಾಡಬೇಕು. ಪೈಪಿನ ಸುತ್ತ ಬರೀ ಸಿಮೆಂಟು ಗಾರೆ ಮೆತ್ತಿದರೆ ನಿಲ್ಲುವುದಿಲ್ಲ, ಪಿವಿಸಿಯ ನುಣುಪು ಮೈಗೆ ಗಾರೆ ಕಚ್ಚಿಕೊಳ್ಳುವುದೇ ಇಲ್ಲ. ಹಳೆಯ ಗಾರೆ ಕೆತ್ತಿ ತೆಗೆದು, ಪೈಪಿನ ಮೈಗೆ ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಪೈಪು ಅಂಟಿಸುವ ಗೋಂದು) ಬಳಿದು ಅದು ಹಸಿಯಿರುವಾಗಲೇ ದಪ್ಪ ಮರಳು ಉದುರಿಸಿ ಒಣಗಲು ಬಿಟ್ಟು, ಆಮೇಲೆ ಒಣಗಿದರೂ ಕುಗ್ಗದ ಗ್ರೌಟ್ (ಸಂದಿ ತುಂಬುವ ಗಾರೆ) ತುಂಬುತ್ತೇನೆ. ರಬ್ಬರ್ ಗ್ಯಾಸ್ಕೆಟ್ ಕೂರಿಸಲು ಜಾಗವಿದ್ದರೆ ಅದೇ ಮೇಲು, ನೆಲ ಸ್ವಲ್ಪ ಸರಿದರೂ ಅದು ಬಾಗಿಕೊಡುತ್ತದೆ.

ಎರೆಮಣ್ಣಿನ ನೆಲವಾದರೆ ಈ ಸರಿದಾಟವೇ ದೊಡ್ಡ ತಲೆನೋವು. ಒಣಗಿದಾಗ ಮಣ್ಣು ಕುಗ್ಗಿ ಟ್ಯಾಂಕಿನ ಗೋಡೆಯಿಂದ ದೂರ ಸರಿಯುತ್ತದೆ, ಪೈಪಿನ ಅಡಿಯ ಆಸರೆ ತಪ್ಪಿ ಪೈಪು ತೊಟ್ಟಿಲಿನಂತೆ ನಡುವೆ ಜೋತುಬೀಳುತ್ತದೆ. ಜೋತುಬಿದ್ದಲ್ಲಿ ಗಟ್ಟಿ ಪದಾರ್ಥ ನಿಂತುಕೊಳ್ಳುತ್ತದೆ. ಮನೆಯಿಂದ ಟ್ಯಾಂಕಿಗೆ ಬರುವ 100 ಮಿ.ಮೀ. ಪೈಪಿಗೆ ನಾನು ಇಡುವ ಇಳಿಜಾರು 50ಕ್ಕೆ 1, ಅಂದರೆ ಮೀಟರಿಗೆ 2 ಸೆಂ.ಮೀ. ಚೇಂಬರಿನ ಮುಚ್ಚಳ ತೆಗೆದು ಒಂದು ಬಕೆಟ್ ನೀರು ಸುರಿದು ನೋಡಿದರೆ ಸಾಕು: ಹರಿದು ಖಾಲಿಯಾದ ಮೇಲೂ ಪೈಪಿನಲ್ಲಿ ನೀರು ಹೊಳೆಯುತ್ತಿದ್ದರೆ ಅಲ್ಲಿ ತಗ್ಗಿದೆ. ಟ್ಯಾಂಕಿನ ಸುತ್ತ ಬಿದ್ದ ಸಂದಿಗೆ ಸಡಿಲ ಮಣ್ಣು ಮರಳು ಬೆರೆಸಿ ತುಂಬುತ್ತೇನೆ. ಕಲ್ಲು ತುಂಬಬಾರದು, ಮಣ್ಣು ನೆನೆದು ಉಬ್ಬಿದಾಗ ಕಲ್ಲು ಗೋಡೆಯನ್ನು ಒತ್ತುತ್ತದೆ.

ನೀರಿನ ಬರ ಇದ್ದಾಗ ಮನೆಯವರು ಉಳಿತಾಯ ಮಾಡುತ್ತಾರೆ, ಮಾಡಲೇಬೇಕು. ಅದರಿಂದ ಟ್ಯಾಂಕಿಗೂ ಇಂಗುಗುಂಡಿಗೂ ಒಳ್ಳೆಯದೇ. ನೀರು ಟ್ಯಾಂಕಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಹೂಳು ಚೆನ್ನಾಗಿ ತಳಕ್ಕಿಳಿಯುತ್ತದೆ. ಏಟು ಬೀಳುವುದು ಪೈಪಿಗೆ. ಸ್ನಾನದ ನೀರು, ಬಟ್ಟೆ ಒಗೆದ ನೀರನ್ನೆಲ್ಲ ಗಿಡಕ್ಕೆ ತಿರುಗಿಸಿಬಿಟ್ಟರೆ ಕಮೋಡಿನಿಂದ ಬಂದದ್ದನ್ನು ತಳ್ಳಿಕೊಂಡು ಹೋಗಲು ಪೈಪಿನಲ್ಲಿ ಏನೂ ಉಳಿಯುವುದಿಲ್ಲ. ಮನೆಯಿಂದ ಟ್ಯಾಂಕ್ ದೂರವಿದ್ದಷ್ಟೂ ಈ ಕಾಟ ಜಾಸ್ತಿ. ಇದಕ್ಕೆ ನಾನು ಮಾಡುವುದು ಸುಲಭದ್ದು: ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಹಿಡಿದಿಟ್ಟು, ವಾರಕ್ಕೆ ಎರಡು ಸಲ ದೊಡ್ಡ ಬಕೆಟ್ಟಿನ 15 ಲೀಟರನ್ನು ಒಂದೇ ಬೀಸಿಗೆ ಕಮೋಡಿಗೆ ಸುರಿಯುವುದು. ಅಷ್ಟೇ ನೀರನ್ನು ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿದರೆ ಪ್ರಯೋಜನವಿಲ್ಲ. ತಳ್ಳುವುದು ನೀರಿನ ರಭಸ.

ನೀರು ಕಡಿಮೆಯಾದಾಗ ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರುಗಳ ಖಾರವೂ ಏರುತ್ತದೆ. ಮೊದಲಿನಷ್ಟೇ ಸುರಿದರೆ ಟ್ಯಾಂಕಿನ ಬ್ಯಾಕ್ಟೀರಿಯಾಗಳಿಗೆ ಪೆಟ್ಟು. ನಾನು ಅಳತೆಯನ್ನು ಅರ್ಧಕ್ಕಿಳಿಸಿ ಬ್ರಷ್ಷಿಗೆ ಕೆಲಸ ಕೊಡುತ್ತೇನೆ. ಬ್ಯಾಕ್ಟೀರಿಯಾ ಪುಡಿ, ಯೀಸ್ಟು ಯಾವುದೂ ಬೇಡ. ಬೇಕಾದ ಬ್ಯಾಕ್ಟೀರಿಯಾ ದಿನವೂ ಮಲದ ಜೊತೆಗೇ ಬರುತ್ತದೆ.

ಹೂಳಿನ ಅಳತೆಗೆ ಮೂರು ಮೀಟರ್ ಉದ್ದದ ಪಿವಿಸಿ ಪೈಪಿನ ಕೆಳಗಿನ ಒಂದು ಮೀಟರಿಗೆ ಬಿಳಿ ಟವೆಲ್ ಸುತ್ತಿ ಬಿಗಿಯಾಗಿ ಕಟ್ಟುತ್ತೇನೆ. ಹೊರಪೈಪಿನ ಹತ್ತಿರ ಅದನ್ನು ನಿಧಾನ ಇಳಿಸಿ, ತಳ ಮುಟ್ಟಿದ ಮೇಲೆ ಎರಡು ಮೂರು ನಿಮಿಷ ಹಿಡಿದು, ನೆಟ್ಟಗೆ ಮೇಲೆತ್ತುವುದು. ಟವೆಲಿನ ಮೇಲೆ ಕಪ್ಪು ಎಲ್ಲಿಯವರೆಗೆ ಅಂಟಿದೆಯೋ ಅಷ್ಟು ಹೂಳು. ಮೇಲೆ ತೇಲುವ ಜಿಡ್ಡಿನ ಪದರಕ್ಕೆ ಇನ್ನೊಂದು ಕೋಲು: ತುದಿಗೆ 15 ಸೆಂ.ಮೀ. ಚೌಕದ ಹಲಗೆ ಹೊಡೆದು, ಪದರವನ್ನು ತೂರಿ ಇಳಿಸಿ ಮೆಲ್ಲಗೆ ಎಳೆದರೆ ಪದರದ ತಳ ಕೈಗೆ ತಗಲುತ್ತದೆ. ಹೂಳಿನ ಮೇಲ್ಮೈಗೂ ಹೊರಪೈಪಿನ ಟೀಯ (ಟ್ಯಾಂಕಿನೊಳಗೆ ಪೈಪಿನ ತುದಿಗಿರುವ T ಆಕಾರದ ತುಂಡು) ಕೆಳಬಾಯಿಗೂ 30 ಸೆಂ.ಮೀ.ಗಿಂತ ಕಡಿಮೆ ಅಂತರವಿದ್ದರೆ, ಜಿಡ್ಡಿನ ತಳಕ್ಕೂ ಅದೇ ಬಾಯಿಗೂ 7 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಹೂಳು ಮತ್ತು ಜಿಡ್ಡು ಸೇರಿ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಹೂಳು ಎಳೆಯುವ ಗಾಡಿ ಕರೆಸುವ ಹೊತ್ತಾಯಿತು.

ಗಾಡಿ ಬಂದಾಗ ನೋಡಿಕೊಳ್ಳಬೇಕಾದ್ದು: ಮೆದುಗೊಳವೆ ದೊಡ್ಡ ಬಾಯಿಯಿಂದಲೇ ಇಳಿಯಲಿ, ಟೀ ಮೇಲಿನ ಸಣ್ಣ ಬಾಯಿಯಿಂದ ಬೇಡ, ಟೀ ಮುರಿಯುತ್ತದೆ. ಎರಡು ಕೋಣೆಯಿದ್ದರೆ ಎರಡೂ ಖಾಲಿಯಾಗಲಿ. ಗಟ್ಟಿಯಾದ ತಳದ ಹೂಳನ್ನು ಕಲಕಲು ಹೊಸ ನೀರು ಬೇಡ. ಗಾಡಿಗೆ ಎಳೆದ ನೀರನ್ನೇ ಒಮ್ಮೆ ರಭಸವಾಗಿ ಹಿಂದಕ್ಕೆ ಬಿಡಿಸಿದರೆ ಅದು ಎದ್ದು ಬರುತ್ತದೆ. ಟ್ಯಾಂಕ್ ಖಾಲಿಯಾದ ಕೂಡಲೇ ಟಾರ್ಚ್ ಬಿಟ್ಟು ಹೊರಗಿನಿಂದಲೇ ನೋಡಿ: ನೀರಿನ ಮಟ್ಟಕ್ಕಿಂತ ಮೇಲಿನ ಗೋಡೆ, ಚಪ್ಪಡಿಯ ಅಡಿ ಪುಡಿಪುಡಿಯಾಗಿದೆಯೇ, ಕಬ್ಬಿಣ ಕಾಣುತ್ತಿದೆಯೇ ಅಂತ. ಹೈಡ್ರೋಜನ್ ಸಲ್ಫೈಡ್ ಅಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಅಂಥ ಚಪ್ಪಡಿಯ ಮೇಲೆ ಮಕ್ಕಳು ಓಡಾಡದಂತೆ ಅವತ್ತೇ ಬೇಲಿ ಕಟ್ಟಬೇಕು. ಪ್ಲಾಸ್ಟಿಕ್ ಅಥವಾ ಫೈಬರ್ ಟ್ಯಾಂಕನ್ನು ಖಾಲಿ ಬಿಡದೆ ಕೂಡಲೇ ನೀರು ತುಂಬಿಸಬೇಕು, ಇಲ್ಲವಾದರೆ ಮಣ್ಣಿನ ಒತ್ತಡಕ್ಕೆ ಸೊಟ್ಟಗಾಗುತ್ತದೆ. ಗಟ್ಟಿಮುಟ್ಟಾದ ಕಾಂಕ್ರೀಟ್ ಟ್ಯಾಂಕಿಗೆ ಒಣಗಾಲದಲ್ಲಿ ಆ ಅವಸರವಿಲ್ಲ. ದಿನಕ್ಕೆ 400 ಲೀಟರ್ ಬಳಸುವ ಮನೆಯಲ್ಲಿ 3000 ಲೀಟರಿನ ಟ್ಯಾಂಕ್ ಸುಮಾರು ಒಂದು ವಾರದಲ್ಲಿ ತಾನೇ ತುಂಬುತ್ತದೆ.

ಗುಂಡಿಯ ಬದಲು ಇಂಗು ಚರಂಡಿ (ನೀರು ಇಂಗಿಸುವ ಉದ್ದ ಸಾಲುಗಳು) ಇದ್ದರೆ, ಅದರ ಮೇಲಿನ ಹುಲ್ಲನ್ನು ಓದುವುದಕ್ಕೆ ಒಣಗಾಲದಷ್ಟು ಒಳ್ಳೆಯ ಕಾಲವಿಲ್ಲ. ಸುತ್ತ ಎಲ್ಲ ಒಣಗಿರುವಾಗ ಇಲ್ಲಿ ಒಂದೇ ಸಮನೆ ತುಸು ಹಸಿರಿದ್ದರೆ ಸರಿ. ಒಂದೇ ಪಟ್ಟೆ ದಟ್ಟ ಹಸಿರಾಗಿ, ಕಾಲಿಟ್ಟರೆ ಮೆತ್ತಗಾಗುತ್ತಿದ್ದರೆ ನೀರೆಲ್ಲ ಅಲ್ಲಿಗೇ ಹೋಗುತ್ತಿದೆ, ಉಳಿದ ಸಾಲುಗಳು ಕಟ್ಟಿವೆ. ತಿರುವು ಚೇಂಬರ್ (ನೀರನ್ನು ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗಿಸುವ ತೊಟ್ಟಿ) ಇರುವವರು ಈಗಲೇ ಒಂದು ಬದಿ ಮುಚ್ಚಿ ಇನ್ನೊಂದನ್ನು ಬಳಸಿ. ಗಾಳಿ ಆಡಿದ ಮಣ್ಣಿನಲ್ಲಿ ಕಟ್ಟಿದ ಲೋಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಆದರೆ ಅದಕ್ಕೆ ತಿಂಗಳುಗಳು ಬೇಕು. ಹುಲ್ಲು ಒಣಗಿತೆಂದು ಅಲ್ಲಿ ಸ್ಪ್ರಿಂಕ್ಲರ್ ಹಾಕಬೇಡಿ, ಗಟ್ಟಿ ನೆಲವೆಂದು ಕಾರು ನಿಲ್ಲಿಸಬೇಡಿ. ಮರದ ಬೇರುಗಳು ಬರಗಾಲದಲ್ಲಿ ಈ ತೇವವನ್ನೇ ಹುಡುಕಿಕೊಂಡು ಬರುತ್ತವೆ. ಪೈಪಿನೊಳಗೆ ಬಂದಿದ್ದರೆ ಕತ್ತರಿಸಿ ತೆಗೆಸಿ, ಬಂದ ಜೋಡಣೆಯನ್ನು ಬದಲಿಸಿ. ಬೇರು ಸಾಯಲೆಂದು ಮೈಲುತುತ್ತ ಸುರಿಯುವವರಿದ್ದಾರೆ; ಅದರ ತಾಮ್ರ ಮಣ್ಣಿನಲ್ಲೇ ಉಳಿದು ಇಂಗುಗುಂಡಿಯ ಜೀವಿಗಳನ್ನು ಕೊಲ್ಲುತ್ತದೆ.

ಮನೆಯೊಳಗೆ ವಾಸನೆ ಬಂದರೆ ಟ್ಯಾಂಕನ್ನು ಅನುಮಾನಿಸುವ ಮೊದಲು ಬಳಸದ ಬಚ್ಚಲಿನ ನಹನಿ ಟ್ರ್ಯಾಪ್ (ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ನೋಡಿ. ಅದರಲ್ಲಿ ನಿಲ್ಲುವ ಸುಮಾರು 5 ಸೆಂ.ಮೀ. ನೀರೇ ಗಾಳಿಗೆ ಅಡ್ಡ. ಒಣ ಹವೆಯಲ್ಲಿ ಕೆಲವು ವಾರಗಳಲ್ಲಿ ಅದು ಬತ್ತುತ್ತದೆ. ಒಂದು ಲೀಟರ್ ನೀರು ಹಾಕಿ, ಮೇಲೆ ಎರಡು ಚಮಚ ಎಣ್ಣೆ ಬಿಟ್ಟರೆ ಆವಿಯಾಗುವುದು ನಿಧಾನವಾಗುತ್ತದೆ. ವೆಂಟ್ ಪೈಪಿನ ತುದಿಯ ಜಾಲರಿಯಲ್ಲಿ ಧೂಳು, ಜೇಡರಬಲೆ ಕಟ್ಟಿದ್ದರೆ ಬಿಡಿಸಿ. ಹೊರಪೈಪಿನ ಫಿಲ್ಟರನ್ನು ತೊಳೆಯುವಾಗ ಆ ನೀರು ಒಳಬರುವ ಪೈಪಿನ ಬದಿಯ ಬಾಯಿಗೇ ಬೀಳುವಂತೆ ಹಿಡಿಯಿರಿ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ.

ಮೋಡ ಕಟ್ಟಲು ಶುರುವಾಗುವ ಮೊದಲು ನನಗೆ ಉಳಿಯುವ ಕೆಲಸ ಎರಡು. ನೆಲದ ಬಿರುಕುಗಳಿಗೆ ಪುಡಿಮಣ್ಣು ತುಂಬಿ ಟ್ಯಾಂಕಿನ ಸುತ್ತ ತುಸು ದಿಬ್ಬ ಎತ್ತುವುದು, ಮಾಳಿಗೆಯ ನೀರು ಇಂಗುಗುಂಡಿಯ ಕಡೆ ಹರಿಯದಂತೆ ಕಾಲುವೆ ತಿರುಗಿಸುವುದು. ಆಮೇಲೆ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಟ್ಯಾಂಕಿನ ನೀರಿನ ಮಟ್ಟವನ್ನು ಮತ್ತೊಮ್ಮೆ ಅಳೆದು, ಒಣಗಾಲದ ಅಳತೆಯ ಪಕ್ಕದಲ್ಲೇ ಬರೆದಿಡುತ್ತೇನೆ.