ಮಂಚದ ಕೆಳಗಿನ ಹುರುಳಿ

ಹುರುಳಿ ಅನ್ನುವ ನಾಯಿ ನಮ್ಮನೆಗೆ ಬಂದ ಮೊದಲ ಐದು ದಿನ ಅವಳ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಮಂಚದ ಕೆಳಗೆ ನುಗ್ಗಿ, ಗೋಡೆಗೆ ಅಂಟಿಕೊಂಡು, ನಮಗೆ ಬೆನ್ನು ಹಾಕಿ ಮಲಗಿಬಿಟ್ಟಿದ್ದಳು. ಮೈ ಹುರುಳಿಕಾಳಿನ ಬಣ್ಣ, ಅದಕ್ಕೇ ಆ ಹೆಸರು. ಯಾರದೋ ಮನೆಯ ಟೆರೇಸಿನಲ್ಲಿ ಮೊಳದುದ್ದದ ಸರಪಳಿಯಲ್ಲಿ ಇದ್ದವಳನ್ನು ಬಿಡಿಸಿ ತಂದಿದ್ದರು. ಬೇರೆ ಮನೆ ಸಿಗುವವರೆಗೆ ಇಟ್ಟುಕೊಳ್ಳುತ್ತೀರಾ ಅಂತ ಕೇಳಿದರು, ಹೂಂ ಅಂದೆ.

ಮೈಸೂರಿನ ಈ ಬಾಡಿಗೆ ಮನೆಯಲ್ಲಿ ಇಂಥ ನಾಯಿಗಳನ್ನು ಫಾಸ್ಟರ್ ಮಾಡಲು, ಅಂದರೆ ಕಾಯಂ ಮನೆ ಸಿಗುವವರೆಗೆ ಇಟ್ಟುಕೊಂಡು ನೋಡಿಕೊಳ್ಳಲು, ಶುರು ಮಾಡಿ ಆರು ವರ್ಷವಾಯಿತು. ಹುರುಳಿ ಹನ್ನೊಂದನೆಯವಳು. ಮೊದಮೊದಲು ನಾನು ನೆಲದ ಮೇಲೆ ಬಗ್ಗಿ, ಕೈ ಚಾಚಿ, 'ಬಾ ಪುಟ್ಟಾ, ಬಾ' ಅಂತ ಗಂಟೆಗಟ್ಟಲೆ ಕರೆಯುತ್ತಿದ್ದೆ. ಪ್ರೀತಿ ಜಾಸ್ತಿ ತೋರಿಸಿದರೆ ಭಯ ಬೇಗ ಹೋಗುತ್ತದೆ ಅಂದುಕೊಂಡಿದ್ದೆ. ಆದರೆ ಹೆದರಿದ ನಾಯಿಗೆ ಹಾಗೆ ಬಗ್ಗಿ ಬರುವ ಮನುಷ್ಯ ಹಿಡಿಯಲು ಬಂದವನ ಹಾಗೇ ಕಾಣುತ್ತಾನೆ. ಎರಡನೇ ನಾಯಿ ನನ್ನ ಕೈ ಕಚ್ಚಿತು. ತಪ್ಪು ಅದರದ್ದಲ್ಲ. ಅದು ಆಕಳಿಸಿತ್ತು, ಮತ್ತೆ ಮತ್ತೆ ತುಟಿ ನೆಕ್ಕಿಕೊಂಡಿತ್ತು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ನನ್ನನ್ನೇ ನೋಡಿತ್ತು, ಕೊನೆಗೆ ಗುರ್ ಅಂತಲೂ ಅಂದಿತ್ತು. 'ಹತ್ತಿರ ಬರಬೇಡ' ಅಂತ ನಾಯಿ ಇನ್ನು ಹೇಗೆ ಹೇಳಬೇಕು? ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿದೆ. ನಾಯಿ ಇಟ್ಟುಕೊಳ್ಳಬೇಕು ಅನ್ನುವವರು ಕಚ್ಚುವ ಮೊದಲೇ ಡಾಕ್ಟರನ್ನು ಕೇಳಿ ಈ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಹಾಗೆ ಹಾಕಿಸಿಕೊಂಡಿದ್ದರೂ, ಕಚ್ಚಿದರೆ ಮತ್ತೆ ಡೋಸ್ ಬೇಕೇ ಬೇಕು, ಅದನ್ನು ಮರೆಯಬೇಡಿ.

ಹುರುಳಿಯ ಹೊತ್ತಿಗೆ ನನಗೆ ಸುಮ್ನೆ ಇರುವುದು ಸ್ವಲ್ಪ ಗೊತ್ತಾಗಿತ್ತು. ಅವಳಿಗೆ ಹಿಂದಿನ ರೂಮು ಕೊಟ್ಟೆವು. ಅಲ್ಲಿಗೆ ಬೇರೆ ಯಾರೂ ಹೋಗುವ ಹಾಗಿಲ್ಲ, ನೆಂಟರಿಗೆ ತೋರಿಸುವ ಹಾಗೂ ಇಲ್ಲ. ನೀರು, ಒಂದು ಹಳೇ ಬೆಡ್‌ಶೀಟು, ಮೂಲೆಯಲ್ಲಿ ಉಚ್ಚೆಗೆ ನ್ಯೂಸ್‌ಪೇಪರು, ಅಷ್ಟೇ. ದಿನಾ ಸಂಜೆ ಏಳರಿಂದ ಎಂಟರವರೆಗೆ ನಾನು ಬಾಗಿಲ ಹತ್ತಿರ, ಅವಳ ಕಡೆ ಪಕ್ಕಮುಖ ಮಾಡಿ, ನೆಲದ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಅವಳನ್ನು ನೋಡುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಉಪ್ಪು ಹಾಕದೆ ಬೇಯಿಸಿದ ಕೋಳಿ ಲಿವರಿನ ಚೂರುಗಳನ್ನು ಮಂಚದ ಕಡೆ ಎಸೆದು ಓದುತ್ತಾ ಇರುತ್ತಿದ್ದೆ. ಮೊದಲ ವಾರ ನಾನು ಎದ್ದು ಹೋದ ಮೇಲೇ ತಿನ್ನುತ್ತಿದ್ದಳು. ಎಂಟನೇ ದಿನ ನಾನು ಕೂತಿರುವಾಗಲೇ ಮಂಚದ ಕೆಳಗಿನಿಂದ ಮೂತಿ ಹೊರಗೆ ಬಂತು. ನನ್ನ ಎದೆ ಡವಡವ ಅಂತಿತ್ತು, ಆದರೂ ಪೇಪರಿನಿಂದ ತಲೆ ಎತ್ತಲಿಲ್ಲ. ಹದಿನಾಲ್ಕನೇ ದಿನ ಬಂದು ನನ್ನ ಪಾದ ಮೂಸಿ ನೋಡಿ ಹೋದಳು. ಆಗಲೂ ಕೈ ಚಾಚಲಿಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಮುಟ್ಟಬೇಕು ಅನ್ನುವುದು ನಮ್ಮ ಆಸೆ, ನಾಯಿಯದ್ದಲ್ಲ.

ಅಡುಗೆಮನೆಯ ಶಬ್ದ ಬೇರೆಯೇ ಕಥೆ. ಕುಕ್ಕರ್ ಒಂದು ಸಲ ಕೂಗಿದರೆ ಸಾಕು, ಹುರುಳಿ ನಿಂತಲ್ಲೇ ಉಚ್ಚೆ ಮಾಡಿಕೊಳ್ಳುತ್ತಿದ್ದಳು. 'ಹಾಗಂತ ಬೇಳೆ ಬೇಯಿಸದೆ ಇರೋಕಾಗುತ್ತೇನೋ?' ಅಂದರು ಅಮ್ಮ. ಅದೂ ನಿಜವೇ. ಕುಕ್ಕರ್ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅವಳ ಕಿವಿ ಸ್ವಲ್ಪ ಅಲ್ಲಾಡುವಷ್ಟು ಮಾತ್ರ ಸಣ್ಣಗೆ ಹಾಕುತ್ತಿದ್ದೆ. ಶಬ್ದ ಬಂದ ಕೂಡಲೇ ಲಿವರ್. ಶಬ್ದ ನಿಂತರೆ ಲಿವರೂ ಇಲ್ಲ. ದಿನಕ್ಕೆ ಐದು ನಿಮಿಷ, ಎರಡು ಮೂರು ದಿನಕ್ಕೊಮ್ಮೆ ಶಬ್ದ ಒಂದು ಚೂರು ಜಾಸ್ತಿ. ಅವಳು ತಿನ್ನುವುದು ನಿಲ್ಲಿಸಿದರೆ ನಾನು ಅವಸರ ಮಾಡಿದ್ದೇನೆ ಅಂತ ಅರ್ಥ, ಮತ್ತೆ ಕಡಿಮೆ ಮಾಡಬೇಕು. ಅಲ್ಲಿಯವರೆಗೆ ಅಮ್ಮ ಬೇಳೆಯನ್ನು ನೆನೆಹಾಕಿ ಪಾತ್ರೆಯಲ್ಲೇ ಬೇಯಿಸಿದರು. ಒಂದೂವರೆ ತಿಂಗಳಾದ ಮೇಲೆ ನಿಜವಾದ ಕುಕ್ಕರ್ ಕೂಗಿದರೆ ಹುರುಳಿ ಎದ್ದು ನನ್ನ ಕೈ ನೋಡುತ್ತಿದ್ದಳು.

ಈ ನಡುವೆ ಮೂರನೇ ವಾರದಲ್ಲಿ ತಪ್ಪಿಸಿಕೊಂಡಳು. ಪೂರ್ತಿ ನನ್ನದೇ ತಪ್ಪು. ಸಿಲಿಂಡರ್ ಬಂತು ಅಂತ ಬಾಗಿಲು ತೆಗೆದೆ, ರೂಮಿನ ಚಿಲಕ ಹಾಕಿರಲಿಲ್ಲ. ಅವಳು ಗೇಟು ದಾಟಿ ಹೋದದ್ದು ಕಣ್ಣಿಗೂ ಸರಿಯಾಗಿ ಕಾಣಲಿಲ್ಲ. ಬೀದಿಯ ಹುಡುಗರು ಓಡಿಹೋಗಿ ಹಿಡಿಯುತ್ತೇವೆ ಅಂದರು, ಕೈಮುಗಿದು ಬೇಡ ಅಂದೆ. ಅಟ್ಟಿಸಿಕೊಂಡು ಹೋದರೆ ಹೆದರಿದ ನಾಯಿ ಇನ್ನೂ ದೂರ ಓಡುತ್ತದೆ, ರಿಂಗ್ ರೋಡಿಗೆ ಹೋದರೆ ಮುಗಿಯಿತು. ಅವಳು ಮಲಗುತ್ತಿದ್ದ ಬೆಡ್‌ಶೀಟನ್ನು ಒಗೆಯದೆ ಹಾಗೇ ಗೇಟಿನ ಒಳಗೆ ಹಾಸಿ, ಪಕ್ಕದಲ್ಲಿ ಲಿವರ್ ಇಟ್ಟು, ಲೈಟ್ ಆರಿಸಿ, ಗೇಟು ತೆಗೆದಿಟ್ಟು ವರಾಂಡದಲ್ಲಿ ಕೂತೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಬಂದಳು. ಬೆಡ್‌ಶೀಟ್ ಮೂಸಿದಳು, ತಿಂದಳು, ಸೀದಾ ಒಳಗೆ ಹೋಗಿ ಮಂಚದ ಕೆಳಗೆ ಮಲಗಿದಳು. ಆಮೇಲೆ ಗೇಟು ಹಾಕಿ ಬಂದು ಅತ್ತೆ.

ಅವತ್ತಿನಿಂದ ನಮ್ಮನೆಯಲ್ಲಿ ಒಂದು ಬಾಗಿಲು ಹಾಕಿದ ಮೇಲೇ ಇನ್ನೊಂದು ತೆಗೆಯುವುದು. ಹೊರಗೆ ಕರೆದುಕೊಂಡು ಹೋಗುವಾಗ ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್‌ಗೆ ಒಂದು ಹಗ್ಗ, ಕತ್ತಿನ ಬೆಲ್ಟಿಗೆ ಇನ್ನೊಂದು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಒಂದರಿಂದ ಕಳಚಿಕೊಳ್ಳುವುದು ಬಹಳ ಸುಲಭ.

ದೀಪಾವಳಿಯ ಮೂರೂ ದಿನ ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ ಅವಳ ಜೊತೆಗೇ ಇದ್ದೆ. ಡಾಕ್ಟರನ್ನು ಮೊದಲೇ ಕೇಳಿ ಮಾತ್ರೆ ತಂದಿಟ್ಟುಕೊಂಡಿದ್ದೆ. ಹೆದರಿದಾಗ ಮುದ್ದು ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ. ಅವಳಾಗೇ ಬಂದು ತೊಡೆಗೆ ತಲೆ ಒತ್ತಿದಳು, ಆಗ ಮೊದಲ ಸಲ ಇಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತೆವು.

ಐದನೇ ತಿಂಗಳು ನಂಜನಗೂಡಿನ ಕಡೆಯ ಒಂದು ಮನೆಗೆ ಹೋದಳು. ಗಂಡ ಹೆಂಡತಿ ಇಬ್ಬರೇ, ಇಬ್ಬರೂ ರಿಟೈರ್ಡ್, ಮಾತು ಕಡಿಮೆ. ಅವರು ಮೂರು ವಾರ ಪ್ರತಿ ಭಾನುವಾರ ಬಂದು ನಮ್ಮ ಹಿಂದಿನ ರೂಮಿನಲ್ಲಿ ಸುಮ್ನೆ ಕೂತು ಹೋಗಿದ್ದರು, ಅದಕ್ಕೇ ಒಪ್ಪಿದೆ. ಒಗೆಯದ ಬೆಡ್‌ಶೀಟನ್ನೂ ಕಟ್ಟಿಕೊಟ್ಟೆ. ಎರಡನೇ ದಿನ ಆ ಮನೆಯ ಅಮ್ಮನವರು ಫೋನ್ ಮಾಡಿ, 'ಸೋಫಾ ಹಿಂದೇನೇ ಕೂತಿದಾಳೆ, ಕುಕ್ಕರ್ ಇಡಬಹುದಾ?' ಅಂತ ಕೇಳಿದರು. ಒಂದು ವಾರ ಬೇಡಮ್ಮಾ, ಆಮೇಲೆ ಫೋನಿನಲ್ಲಿ ಸಣ್ಣಗೆ ಶುರು ಮಾಡಿ ಅಂದು, ನನ್ನ ರೆಕಾರ್ಡಿಂಗನ್ನೇ ಕಳಿಸಿದೆ.