ಟ್ರಾಫಿಕ್‌ನಲ್ಲಿ ಕೂತೇ ಮಾಡಬಹುದಾದ ಒಂದು ಉಪಾಯ

ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಲ್ಲಿ ಸಿಕ್ಕಿಹಾಕಿಕೊಂಡು ತಲೆ ಬಿಸಿ ಮಾಡಿಕೊಳ್ಳುವವರಿಗೆ ಇದು: ಆಕ್ಯುಪ್ರೆಷರ್, ಅಂದರೆ ಮೈಮೇಲಿನ ಒಂದು ಜಾಗವನ್ನು ಬೆರಳಿಂದ ಒತ್ತುವುದು. ಅಂಗೈ ಮೇಲ್ಮುಖವಾಗಿರುವ ಹಾಗೆ ಕೈ ಇಟ್ಟುಕೊಳ್ಳಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಆ ಮೂರು ಬೆರಳಿನ ಅಗಲ ಮುಗಿಯುವ ಕಡೆ, ಹಗ್ಗದ ಹಾಗೆ ಸಿಗುವ ಎರಡು ಹುರಿಗಳ ನಡುವೆ ಒತ್ತಬೇಕು. ಮುಷ್ಟಿ ಬಿಗಿದರೆ ಹುರಿ ಎದ್ದು ಕಾಣುತ್ತದೆ. ಹೆಬ್ಬೆರಳಿಂದ 2-3 ನಿಮಿಷ, ಉಸಿರು ನಿಧಾನವಾಗಿ ಬಿಡುತ್ತಾ. ನೋಯುವಷ್ಟು ಬೇಡ. ಆಕ್ಯುಪ್ರೆಷರ್‌ನವರು ಈ ಜಾಗಕ್ಕೆ ಪಿ6 ಅನ್ನುತ್ತಾರೆ. ಪ್ರಯಾಣದ ವಾಕರಿಕೆಗೆ ಕಟ್ಟಿಕೊಳ್ಳುವ ಪಟ್ಟಿಯ ಗುಂಡಿ ಕೂರುವುದೂ ಇಲ್ಲೇ.

ಹೆಬ್ಬೆರಳು, ತೋರುಬೆರಳ ನಡುವಿನ ಜಾಗವನ್ನೂ ತಲೆನೋವಿಗೆ ಒತ್ತುತ್ತಾರೆ. ಬಸುರಿಯರು ಮಾತ್ರ ಅದನ್ನು ಒತ್ತಬಾರದು ಅನ್ನುತ್ತಾರೆ.

ಕೈಯಿಂದ ಶಕ್ತಿ ಹರಿಸಿ ಹಾಯೆನಿಸುತ್ತೇವೆ ಅನ್ನುವ ಇನ್ನೊಂದು ಪದ್ಧತಿ ರೇಕಿ. ಅದು 1922ರ ಸುಮಾರಿಗೆ ಜಪಾನಿನಲ್ಲಿ ಮಿಕಾವೊ ಉಸುಯಿ ಶುರು ಮಾಡಿದ್ದು. ಒತ್ತುವುದೇ ಇಲ್ಲ, ಸುಮ್ನೆ ಕೈ ಇಡುತ್ತಾರೆ. ಹಾಗೆ ಶಕ್ತಿ ಹರಿಯುತ್ತದೆ ಅನ್ನುವುದಕ್ಕೆ ವಿಜ್ಞಾನದ ಪುರಾವೆ ಇಲ್ಲ. ಆದರೂ ಫೋನ್ ಇಲ್ಲದೆ ಅರ್ಧ ಗಂಟೆ ಮಲಗಿದರೆ ಯಾರಿಗಾದರೂ ಹಾಯೆನಿಸುತ್ತದೆ, ಅಲ್ವಾ? ನಮ್ಮ ಏರಿಯಾದಲ್ಲಿ ಒಬ್ಬರು ಹತ್ತು ಸಿಟ್ಟಿಂಗ್‌ಗೆ ಮೊದಲೇ ದುಡ್ಡು ಕೇಳಿದರು. ಎದ್ದು ಬಂದೆ. ಬಿಪಿ ಮಾತ್ರೆ ಬಿಡಿ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ.